ಹಳೆಯ ಜೀಪಿನ ಹ್ಯಾಂಡ್ ಬ್ರೇಕ್: ದೋಷಗಳು ಮತ್ತು ನಿವಾರಣೆ

ಮಲೆನಾಡಿನ ಹಾಗೂ ಕೊಡಗಿನ ತೋಟಗಳಲ್ಲಿ ಹಳೆಯ ಜೀಪು ಇಂದಿಗೂ ಕೆಲಸದ ವಾಹನವಾಗಿದೆ. ಗೊಬ್ಬರದ ಚೀಲ, ಅಡಿಕೆ ಮೂಟೆ, ಕಾಫಿ ಹಣ್ಣು, ಬೋರ್ಡೋ ದ್ರಾವಣದ ಡ್ರಮ್ಮು, ಕೆಲಸದ ಆಳುಗಳು ಎಲ್ಲವೂ ಅದರಲ್ಲೇ ಸಾಗುತ್ತವೆ. ಎಂಜಿನ್ ಕೆಟ್ಟರೆ ಜೀಪು ಹೊರಡುವುದಿಲ್ಲ. ಆದುದರಿಂದ ಅದನ್ನು ಕೂಡಲೇ ರಿಪೇರಿ ಮಾಡಿಸುತ್ತಾರೆ. ಕಾಲಿನ ಬ್ರೇಕು ಕೆಟ್ಟರೆ ಓಡಿಸಲು ಭಯವಾಗುತ್ತದೆ, ಅದನ್ನೂ ಸರಿಪಡಿಸುತ್ತಾರೆ. ಆದರೆ ಹ್ಯಾಂಡ್ ಬ್ರೇಕ್ ಕೆಟ್ಟರೆ ಕೆಲಸವೇನೂ ನಿಲ್ಲುವುದಿಲ್ಲ. ಗಾಲಿಗೆ ಒಂದು ಕಲ್ಲು ಕೊಟ್ಟು ವರ್ಷಗಟ್ಟಲೆ ಹಾಗೆಯೇ ನಡೆಸಿಕೊಂಡು ಹೋಗುವವರು ಬಹಳ ಮಂದಿ.

ಅಪಾಯ ಇರುವುದು ಇಲ್ಲಿಯೇ. ಇಳಿಜಾರಿನಲ್ಲಿ ನಿಂತ ಜೀಪಿನಲ್ಲಿ ಚಾಲಕನಿರುವುದಿಲ್ಲ. ಕೆಳಗಡೆ ಮೂಟೆ ಇಳಿಸುವ ಆಳುಗಳಿರುತ್ತಾರೆ, ಕಣದಲ್ಲಿ ಮಕ್ಕಳು ಆಡುತ್ತಿರುತ್ತಾರೆ. ಜೀಪು ಜರುಗಲು ಪ್ರಾರಂಭವಾದ ಮೇಲೆ ಓಡಿ ಬಂದು ಹತ್ತಿ ಬ್ರೇಕು ತುಳಿಯಲು ಸಮಯ ಸಿಗುವುದಿಲ್ಲ. ಆದಕಾರಣ ಹಳೆಯ ಜೀಪನ್ನು ಇಟ್ಟುಕೊಂಡಿರುವ ರೈತರು ಅದರ ಹ್ಯಾಂಡ್ ಬ್ರೇಕ್ ಎಲ್ಲಿದೆ, ಹೇಗೆ ಕೆಲಸ ಮಾಡುತ್ತದೆ, ಯಾವಾಗ ಕೈಕೊಡುತ್ತದೆ ಎಂಬುದನ್ನು ತಿಳಿದಿರುವುದು ಅವಶ್ಯಕ.

ಜೀಪಿನ ಹಿನ್ನೆಲೆ

ಜೀಪು ಮೊದಲು ತಯಾರಾದದ್ದು ಎರಡನೆಯ ಮಹಾಯುದ್ಧದ ಕಾಲದಲ್ಲಿ, ಅಮೆರಿಕದ ಸೈನ್ಯಕ್ಕಾಗಿ. ಯುದ್ಧ ಮುಗಿದ 1945ರಲ್ಲಿ ವಿಲ್ಲಿಸ್ ಕಂಪೆನಿಯು ಸಿ.ಜೆ. 2ಎ ಎಂಬ ನಾಗರಿಕ ಮಾದರಿಯನ್ನು ಹೊರತಂದಿತು. ನೇಗಿಲು ಎಳೆಯಲು ಮತ್ತು ಯಂತ್ರಗಳನ್ನು ತಿರುಗಿಸಲು ಉಪಯೋಗವಾಗುವ ವಾಹನವೆಂದು ಇದನ್ನು ರೈತರಿಗೆ ಮಾರಲಾಯಿತು. 1953ರಲ್ಲಿ ಸಿ.ಜೆ. 3ಬಿ ಬಂದಿತು. ಭಾರತದಲ್ಲಿ ಮಹೀಂದ್ರ ಕಂಪೆನಿಯು ಜೀಪುಗಳನ್ನು ಮೊದಲು ಜೋಡಿಸಿ, ಅನಂತರ ಇಲ್ಲಿಯೇ ತಯಾರಿಸಿ, ಈ ಮಾದರಿಯನ್ನು ಹಲವು ದಶಕಗಳ ಕಾಲ ಮುಂದುವರಿಸಿತು. ಹಳ್ಳಿಗಳಲ್ಲಿ ಈಗಲೂ ಕಾಣುವ ಹಳೆಯ ಜೀಪುಗಳಲ್ಲಿ ಅನೇಕವು ಈ ಮನೆತನಕ್ಕೇ ಸೇರಿದವು.

ಕಾರಿಗೂ ಜೀಪಿಗೂ ಇರುವ ವ್ಯತ್ಯಾಸ

ಸಾಮಾನ್ಯವಾಗಿ ಕಾರಿನ ಹ್ಯಾಂಡ್ ಬ್ರೇಕ್ ಹಿಂದಿನ ಎರಡು ಚಕ್ರಗಳ ಡ್ರಮ್ಮುಗಳ ಮೇಲೆ ಕೆಲಸ ಮಾಡುತ್ತದೆ. ಹಿಡಿಯನ್ನು ಎಳೆದಾಗ ಕೇಬಲ್ಲು ಹಿಂದಿನ ಬ್ರೇಕ್ ಶೂಗಳನ್ನು ಅಗಲಿಸಿ ಡ್ರಮ್ಮಿಗೆ ಒತ್ತುತ್ತದೆ. ಹಳೆಯ ಜೀಪಿನಲ್ಲಿ ಹಾಗಲ್ಲ. ಅದರ ಹ್ಯಾಂಡ್ ಬ್ರೇಕ್ ಚಕ್ರಗಳಲ್ಲಿ ಇರುವುದೇ ಇಲ್ಲ. ಗೇರ್ ಬಾಕ್ಸಿನ ಹಿಂದೆ ನಾಲ್ಕು ಚಕ್ರಗಳಿಗೂ ಶಕ್ತಿ ಹಂಚುವ ಇನ್ನೊಂದು ಪೆಟ್ಟಿಗೆ ಇರುತ್ತದೆ. ಇದಕ್ಕೆ ಟ್ರಾನ್ಸ್‌ಫರ್ ಕೇಸ್ ಎಂದು ಹೆಸರು. ಇದರ ಹಿಂಭಾಗದಲ್ಲಿ, ಹಿಂದಿನ ಪ್ರೊಪೆಲ್ಲರ್ ಶಾಫ್ಟ್ ಜೋಡಿಸುವ ಜಾಗದಲ್ಲಿ, ಒಂದು ಸಣ್ಣ ಡ್ರಮ್ಮನ್ನು ಕೂರಿಸಲಾಗಿದೆ. ಹ್ಯಾಂಡ್ ಬ್ರೇಕ್ ಹಿಡಿಯುವುದು ಈ ಒಂದೇ ಡ್ರಮ್ಮನ್ನು. ಯುದ್ಧಕಾಲದ ಮೊದಲಿನ ಜೀಪುಗಳಲ್ಲಿ ಡ್ರಮ್ಮಿನ ಹೊರಗಡೆ ಸುತ್ತಿದ ಪಟ್ಟಿಯು ಬಿಗಿಯುತ್ತಿತ್ತು. ಅನಂತರದವುಗಳಲ್ಲಿ ಡ್ರಮ್ಮಿನ ಒಳಗಡೆ ಎರಡು ಶೂಗಳಿರುತ್ತವೆ.

ತಮ್ಮ ಜೀಪಿನಲ್ಲಿ ಯಾವ ಬಗೆಯದಿದೆ ಎಂದು ತಿಳಿಯುವುದು ಸುಲಭ. ಸಮನಾದ ನೆಲದಲ್ಲಿ ಚಕ್ರಗಳಿಗೆ ಅಡ್ಡ ಕೊಟ್ಟು, ಜೀಪಿನ ಕೆಳಗೆ ನೋಡಿ, ಹ್ಯಾಂಡ್ ಬ್ರೇಕಿನ ಕೇಬಲ್ಲು ಎಲ್ಲಿಗೆ ಹೋಗಿದೆ ಎಂದು ಗಮನಿಸಬೇಕು. ಅದು ನಡುವಿನ ಪೆಟ್ಟಿಗೆಯ ಹಿಂದೆ ಮುಗಿದರೆ ಶಾಫ್ಟಿನ ಬ್ರೇಕು. ಹಿಂದಿನ ಚಕ್ರಗಳವರೆಗೆ ಹೋದರೆ ಕಾರಿನ ಬಗೆಯದು.

ಸಣ್ಣ ಡ್ರಮ್ಮು ದೊಡ್ಡ ಭಾರವನ್ನು ಹಿಡಿಯುವ ಬಗೆ

ಇಳಿಜಾರಿನಲ್ಲಿ ನಿಂತ ವಾಹನವನ್ನು ಅದರ ತೂಕದ ಒಂದು ಭಾಗವು ಕೆಳಕ್ಕೆ ಎಳೆಯುತ್ತಿರುತ್ತದೆ. ಹೇರು ಸೇರಿ 1,500 ಕಿಲೋ ತೂಗುವ ಜೀಪನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. 10 ಅಡಿ ಉದ್ದಕ್ಕೆ 1 ಅಡಿ ಏರುವ ದಾರಿಯಲ್ಲಿ ಅದನ್ನು ಕೆಳಕ್ಕೆ ಎಳೆಯುವ ಬಲ ಸುಮಾರು 150 ಕಿಲೋ. 5 ಅಡಿಗೆ 1 ಅಡಿ ಏರುವ ಕಡಿದಾದ ದಾರಿಯಲ್ಲಿ ಅದು ಸುಮಾರು 300 ಕಿಲೋ ಆಗುತ್ತದೆ. ಇಳಿಜಾರು ಇಮ್ಮಡಿಯಾದರೆ ಎಳೆತವೂ ಇಮ್ಮಡಿ. ಬರಿದಾದ ಜೀಪು ನಿಂತ ಜಾಗದಲ್ಲಿ ಹೇರು ತುಂಬಿದ ಜೀಪು ನಿಲ್ಲದಿರಲು ಕಾರಣವೂ ಇದೇ.

ಇಷ್ಟು ಎಳೆತವನ್ನು ಅಂಗೈಯಗಲದ ಶೂಗಳು ತಡೆಯುವುದು ಹೇಗೆ? ಹಿಂದಿನ ಆಕ್ಸಲ್ಲಿನಲ್ಲಿರುವ ಹಲ್ಲುಚಕ್ರಗಳಿಂದ. ಸಿ.ಜೆ. 3ಬಿ ಜೀಪಿನಲ್ಲಿ ಸಣ್ಣ ಪಿನಿಯನ್ನಿಗೆ 8 ಹಲ್ಲು, ದೊಡ್ಡ ಕ್ರೌನ್ ಚಕ್ರಕ್ಕೆ 43 ಹಲ್ಲು. ಅಂದರೆ ಚಕ್ರಗಳು ಒಂದು ಸುತ್ತು ತಿರುಗಿದರೆ ಶಾಫ್ಟು ಐದು ಸುತ್ತಿಗೂ ಹೆಚ್ಚು ತಿರುಗುತ್ತದೆ. ಶಾಫ್ಟನ್ನು ಹಿಡಿದ ಹಿಡಿತವು ಚಕ್ರಗಳ ಹತ್ತಿರ ಐದು ಪಟ್ಟಿಗೂ ಹೆಚ್ಚಾಗಿ ಪರಿಣಮಿಸುತ್ತದೆ. ಇದು ಈ ಬ್ರೇಕಿನ ಗುಣ.

ಇದರ ದೋಷವೂ ಅಲ್ಲಿಯೇ ಇದೆ. ಹ್ಯಾಂಡ್ ಬ್ರೇಕನ್ನು ಪೂರ್ತಿ ಬಿಡದೆ ಜೀಪನ್ನು ಓಡಿಸಿದರೆ, ಡ್ರಮ್ಮು ಚಕ್ರಕ್ಕಿಂತ ಐದು ಪಟ್ಟು ವೇಗದಲ್ಲಿ ತಿರುಗುತ್ತಾ ಶೂಗಳನ್ನು ಉಜ್ಜುತ್ತದೆ. ಸ್ವಲ್ಪ ದೂರದಲ್ಲಿಯೇ ಅದು ಕಾದು ಹೊಗೆ ಬರುತ್ತದೆ, ಲೈನಿಂಗ್ ಸುಡುತ್ತದೆ, ಪಕ್ಕದ ಆಯಿಲ್ ಸೀಲೂ ಹಾಳಾಗುತ್ತದೆ. ಹಾಗೆಯೇ ಓಡುತ್ತಿರುವ ಜೀಪನ್ನು ನಿಲ್ಲಿಸಲು ಈ ಬ್ರೇಕನ್ನು ಎಳೆಯಬಾರದು. ಎಳೆದರೆ ಶಾಫ್ಟಿನ ಕೀಲುಗಳಿಗೆ ಮತ್ತು ಆಕ್ಸಲ್ಲಿಗೆ ಭಾರಿ ಹೊಡೆತ ಬೀಳುತ್ತದೆ. ಕಾಲಿನ ಬ್ರೇಕು ಪೂರ್ತಿ ಕೈಕೊಟ್ಟ ಆಪತ್ತಿನಲ್ಲಿ ಮಾತ್ರ ಇದಕ್ಕೆ ವಿನಾಯಿತಿ.

ಸಾಮಾನ್ಯ ದೋಷಗಳು

1. ಹಿಡಿಯನ್ನು ಪೂರ್ತಿ ಎಳೆದರೂ ಜೀಪು ನಿಲ್ಲದಿರುವುದು: ಲೈನಿಂಗ್ ಸವೆದು ಶೂಗಳಿಗೂ ಡ್ರಮ್ಮಿಗೂ ನಡುವೆ ಅಂತರ ಹೆಚ್ಚಿರುವುದು ಇದಕ್ಕೆ ಮುಖ್ಯ ಕಾರಣ. ಅನೇಕರು ಇಲ್ಲಿ ಕೇಬಲ್ಲನ್ನು ಬಿಗಿ ಮಾಡುತ್ತಾರೆ. ಇದು ತಪ್ಪು ಕ್ರಮ. ಕೇಬಲ್ಲನ್ನು ಬಿಗಿದರೆ ಹಿಡಿ ಗಟ್ಟಿಯಾದಂತೆ ತೋರುತ್ತದೆಯೇ ಹೊರತು, ಸವೆದ ಶೂ ಸವೆದೇ ಇರುತ್ತದೆ. ಮೊದಲು ಶೂಗಳನ್ನು ಸರಿಪಡಿಸಿ, ಕೊನೆಯಲ್ಲಿ ಮಾತ್ರ ಕೇಬಲ್ಲಿಗೆ ಕೈಹಾಕಬೇಕು.

2. ಲೈನಿಂಗಿಗೆ ಎಣ್ಣೆ ತಗಲುವುದು: ಹಳೆಯ ಜೀಪುಗಳಲ್ಲಿ ಬಹು ಸಾಮಾನ್ಯವಾದ ದೋಷ ಇದೇ. ಡ್ರಮ್ಮಿನ ಬೆನ್ನಿಗೇ ಟ್ರಾನ್ಸ್‌ಫರ್ ಕೇಸಿನ ಆಯಿಲ್ ಸೀಲ್ ಇದೆ. ಸೀಲ್ ಸವೆದರೆ ಗೇರ್ ಎಣ್ಣೆ ನೇರವಾಗಿ ಡ್ರಮ್ಮಿನೊಳಕ್ಕೆ ಇಳಿಯುತ್ತದೆ. ಎಣ್ಣೆ ಕುಡಿದ ಲೈನಿಂಗ್ ಎಷ್ಟು ಬಿಗಿದರೂ ಜಾರುತ್ತದೆ. ಪೆಟ್ಟಿಗೆಗೆ ಅಳತೆ ಮೀರಿ ಎಣ್ಣೆ ತುಂಬುವುದು ಹಾಗೂ ಪೆಟ್ಟಿಗೆಯ ಗಾಳಿರಂಧ್ರ ಮಣ್ಣಿನಿಂದ ಮುಚ್ಚಿಹೋಗುವುದು ಇವೂ ಸೋರಿಕೆಗೆ ಕಾರಣಗಳು. ಡ್ರಮ್ಮಿನ ಕೆಳಗಿನ ಅಂಚಿನಲ್ಲಿ ಎಣ್ಣೆಯ ಹನಿ ಅಥವಾ ಎಣ್ಣೆ ಹಿಡಿದ ಧೂಳು ಕಂಡರೆ ಬ್ರೇಕನ್ನು ನಂಬಬಾರದು.

3. ಕೇಬಲ್ಲು ಬಿಗಿಯಾಗಿ ಹರಿದಾಡದಿರುವುದು: ಮಳೆಗಾಲದ ಕೆಸರು ನೀರು ಕೇಬಲ್ಲಿನ ಕವಚದೊಳಗೆ ಸೇರಿ ತುಕ್ಕು ಹಿಡಿಯುತ್ತದೆ. ಆಗ ಕೈಯಲ್ಲಿ ಎಳೆದ ಬಲದ ಬಹುಪಾಲು ಕವಚದಲ್ಲಿಯೇ ವ್ಯರ್ಥವಾಗುತ್ತದೆ. ಹಿಡಿ ಬಲು ಗಟ್ಟಿಯಾಗಿರುವುದರಿಂದ ಬ್ರೇಕು ಚೆನ್ನಾಗಿದೆ ಎಂಬ ಭ್ರಮೆ ಹುಟ್ಟುತ್ತದೆ. ಎಳೆಗಳು ಬಿಚ್ಚಿಕೊಂಡ ಕೇಬಲ್ಲನ್ನು ಕೂಡಲೇ ಬದಲಾಯಿಸಬೇಕು.

4. ಎಳೆದ ಹಿಡಿ ತಾನಾಗಿ ಜಾರುವುದು: ಹಿಡಿಯನ್ನು ಎಳೆದ ಜಾಗದಲ್ಲಿ ನಿಲ್ಲಿಸುವ ಹಲ್ಲುಗಳು ಮತ್ತು ಕೊಕ್ಕೆ ಸವೆದಿರುವುದೇ ಕಾರಣ. ಜೀಪು ಮೊದಲು ನಿಂತು, ಸ್ವಲ್ಪ ಹೊತ್ತಿನ ಮೇಲೆ, ಮೂಟೆ ಇಳಿಸುವಾಗಿನ ಅದುರಾಟಕ್ಕೆ ಕೊಕ್ಕೆ ತಪ್ಪುತ್ತದೆ. ತಂತಿ ಕಟ್ಟಿ ಕೆಲಸ ಸಾಗಿಸುವುದು ಸಲ್ಲದು. ಹಲ್ಲು ಮತ್ತು ಕೊಕ್ಕೆ ಎರಡನ್ನೂ ಬದಲಾಯಿಸಬೇಕು.

5. ಬ್ರೇಕು ಬಿಡದಿರುವುದು: ಮಳೆಗಾಲದಲ್ಲಿ ಹ್ಯಾಂಡ್ ಬ್ರೇಕ್ ಎಳೆದು ವಾರಗಟ್ಟಲೆ ನಿಲ್ಲಿಸಿದ ಜೀಪಿನಲ್ಲಿ ಶೂಗಳು ತುಕ್ಕಿನಿಂದ ಡ್ರಮ್ಮಿಗೆ ಅಂಟಿಕೊಳ್ಳುತ್ತವೆ. ಬಹಳ ದಿನ ನಿಲ್ಲಿಸುವುದಿದ್ದರೆ ಸಮನಾದ ಜಾಗದಲ್ಲಿ ನಿಲ್ಲಿಸಿ, ಗೇರಿಗೆ ಹಾಕಿ, ಚಕ್ರಗಳ ಎರಡೂ ಕಡೆ ಮರದ ಬೆಣೆ ಕೊಟ್ಟು, ಹ್ಯಾಂಡ್ ಬ್ರೇಕನ್ನು ಬಿಟ್ಟಿರುವುದು ಒಳ್ಳೆಯದು.

6. ಹಿಡಿದ ಮೇಲೂ ಜೀಪು ಸ್ವಲ್ಪ ಜರುಗಿ ನಿಲ್ಲುವುದು: ಶಾಫ್ಟಿನ ಕೀಲು, ಹಲ್ಲುಚಕ್ರ ಇವುಗಳಲ್ಲಿ ಇರುವ ಸಡಿಲವೇ ಈ ಜರುಗಾಟ. ಸ್ವಲ್ಪ ಜರುಗಿದರೆ ಗಾಬರಿ ಬೇಡ. ಆದರೆ ಅದು ತಿಂಗಳಿನಿಂದ ತಿಂಗಳಿಗೆ ಹೆಚ್ಚುತ್ತಿದ್ದರೆ ಶಾಫ್ಟಿನ ಕೀಲುಗಳನ್ನು ಪರೀಕ್ಷಿಸಬೇಕು. ಕೀಲು ಮುರಿದರೆ ಹ್ಯಾಂಡ್ ಬ್ರೇಕಿಗೂ ಚಕ್ರಕ್ಕೂ ಸಂಬಂಧವೇ ಉಳಿಯುವುದಿಲ್ಲ.

ಜಾಕು ಕೊಡುವಾಗಿನ ಅಪಾಯ

ಶಾಫ್ಟಿನ ಬ್ರೇಕಿಗೆ ಒಂದು ಸ್ವಭಾವದ ಕೊರತೆ ಇದೆ. ಇದನ್ನು ಯಾವ ಮೆಕ್ಯಾನಿಕ್ಕನೂ ರಿಪೇರಿ ಮಾಡಲಾರ; ಚಾಲಕನು ತಿಳಿದು ನಡೆಯಬೇಕು.

ಹಿಂದಿನ ಎರಡು ಚಕ್ರಗಳ ನಡುವೆ ಡಿಫರೆನ್ಷಿಯಲ್ ಇದೆ. ತಿರುವಿನಲ್ಲಿ ಒಂದು ಚಕ್ರ ಹೆಚ್ಚು, ಇನ್ನೊಂದು ಕಡಿಮೆ ತಿರುಗಲು ಇದು ಅವಕಾಶ ಕೊಡುತ್ತದೆ. ಶಾಫ್ಟನ್ನು ಹಿಡಿದು ನಿಲ್ಲಿಸಿದಾಗ ಒಂದು ಚಕ್ರ ಮುಂದಕ್ಕೆ ತಿರುಗಬೇಕಾದರೆ ಇನ್ನೊಂದು ಅಷ್ಟೇ ಹಿಂದಕ್ಕೆ ತಿರುಗಬೇಕಾಗುತ್ತದೆ. ಎರಡೂ ಚಕ್ರಗಳು ನೆಲಕ್ಕೆ ಒತ್ತಿ ನಿಂತಿರುವಾಗ ಇದು ಸಾಧ್ಯವಿಲ್ಲ. ಆದುದರಿಂದಲೇ ಜೀಪು ನಿಲ್ಲುತ್ತದೆ. ಆದರೆ ಪಂಕ್ಚರಿಗೆಂದು ಒಂದು ಹಿಂದಿನ ಚಕ್ರವನ್ನು ಜಾಕಿನಿಂದ ಎತ್ತಿದ ಕ್ಷಣವೇ ಆ ಚಕ್ರ ಗಾಳಿಯಲ್ಲಿ ಹಿಂದಕ್ಕೆ ತಿರುಗಲು ಸ್ವತಂತ್ರವಾಗುತ್ತದೆ, ನೆಲದ ಮೇಲಿರುವ ಚಕ್ರ ಉರುಳಲು ಸ್ವತಂತ್ರವಾಗುತ್ತದೆ. ಹ್ಯಾಂಡ್ ಬ್ರೇಕ್ ಪೂರ್ತಿ ಎಳೆದಿದ್ದರೂ, ಗೇರಿನಲ್ಲಿದ್ದರೂ ಜೀಪು ಜಾಕಿನಿಂದ ಜಾರಿ ಉರುಳಬಲ್ಲದು. ಒಂದು ಹಿಂದಿನ ಚಕ್ರ ಕೆಸರಿನಲ್ಲಿಯೋ ಒದ್ದೆ ತರಗೆಲೆಯ ಮೇಲೋ ನಿಂತಿದ್ದರೂ ಬ್ರೇಕಿನ ಹಿಡಿತ ಇದೇ ರೀತಿ ಕಡಿಮೆಯಾಗುತ್ತದೆ.

ಆದ್ದರಿಂದ ಹಿಂದಿನ ಚಕ್ರಕ್ಕೆ ಜಾಕು ಕೊಡುವ ಮೊದಲು ಸಮನಾದ ಜಾಗವನ್ನು ಆರಿಸಬೇಕು. ಮುಂದಿನ ಎರಡು ಚಕ್ರಗಳಿಗೂ ಎರಡೂ ಕಡೆಯಿಂದ ಬೆಣೆ ಕೊಡಬೇಕು. ನಾಲ್ಕು ಚಕ್ರದ ಗೇರನ್ನು ಹಾಕಬೇಕು. ನಾಲ್ಕು ಚಕ್ರದ ಗೇರಿನಲ್ಲಿ ಮುಂದಿನ ಶಾಫ್ಟೂ ಅದೇ ಡ್ರಮ್ಮಿಗೆ ಕೂಡಿಕೊಳ್ಳುವುದರಿಂದ ಮುಂದಿನ ಚಕ್ರಗಳೂ ಹಿಡಿಯುತ್ತವೆ. ಮುಂದಿನ ಚಕ್ರಗಳ ಹಬ್ಬಿನಲ್ಲಿ ಬಿಡಿಸುವ ಬೀಗವಿದ್ದರೆ ಅದನ್ನೂ ಹಾಕಿರಬೇಕು. ಜಾಕಿನ ಮೇಲೆ ನಿಂತ ಜೀಪಿನ ಕೆಳಗೆ ಯಾರೂ ನುಸುಳಬಾರದು.

ಇನ್ನೊಂದು ಎಚ್ಚರಿಕೆ. ಟ್ರಾನ್ಸ್‌ಫರ್ ಕೇಸಿನ ಗೇರು ನ್ಯೂಟ್ರಲಿನಲ್ಲಿದ್ದರೆ, ಗೇರ್ ಬಾಕ್ಸಿನಲ್ಲಿ ಯಾವ ಗೇರು ಹಾಕಿದರೂ ಜೀಪು ನಿಲ್ಲುವುದಿಲ್ಲ. ನಿಂತ ಜೀಪಿನ ಶಕ್ತಿಯಿಂದ ಪಂಪನ್ನೋ ಒಕ್ಕಣೆ ಯಂತ್ರವನ್ನೋ ಓಡಿಸುವಾಗ ಇದನ್ನು ನ್ಯೂಟ್ರಲಿನಲ್ಲಿಯೇ ಇಡಲಾಗುತ್ತದೆ. ಆಗ ಜೀಪನ್ನು ಹಿಡಿದಿರುವುದು ಹ್ಯಾಂಡ್ ಬ್ರೇಕ್ ಒಂದೇ. ಎಂಜಿನ್ನಿನ ಅದುರಾಟವೂ ಜೊತೆಗಿರುತ್ತದೆ. ಇಂಥ ಕೆಲಸಕ್ಕೆ ನಾಲ್ಕು ಬೆಣೆಗಳಿಲ್ಲದೆ ತೊಡಗಕೂಡದು.

ಸರಿಪಡಿಸುವ ಕ್ರಮ

ಮೊದಲು ಸಮನೆಲದಲ್ಲಿ ಚಕ್ರಗಳಿಗೆ ಬೆಣೆ ಕೊಡಬೇಕು. ಶಾಫ್ಟನ್ನು ಬಿಚ್ಚಿದ ಜೀಪಿಗೆ ಹ್ಯಾಂಡ್ ಬ್ರೇಕೂ ಇಲ್ಲ, ಗೇರಿನ ಹಿಡಿತವೂ ಇಲ್ಲ ಎಂಬುದನ್ನು ಮರೆಯಬಾರದು.

(ಅ) ಕೇಬಲ್ಲು ಮತ್ತು ಸನ್ನೆಗಳು ಸಲೀಸಾಗಿ ಆಡುತ್ತವೆಯೇ ಎಂದು ನೋಡಿ, ತುಕ್ಕು ಬಿಡಿಸಿ, ಕೀಲುಗಳಿಗೆ ಎಣ್ಣೆ ಕೊಡಬೇಕು. ಎಣ್ಣೆ ಡ್ರಮ್ಮಿನ ಕಡೆ ಹರಿಯದಂತೆ ಜಾಗ್ರತೆ ವಹಿಸಬೇಕು.

(ಆ) ಡ್ರಮ್ಮಿನೊಳಗೆ ಎಣ್ಣೆ ಇದ್ದರೆ ಮೊದಲು ಸೀಲ್ ಬದಲಾಯಿಸಬೇಕು. ಸೀಲ್ ಕೂರುವ ಲೋಹದ ಮೈಯಲ್ಲಿ ಗೀರು ಬಿದ್ದಿದ್ದರೆ ಹೊಸ ಸೀಲೂ ಬೇಗ ಸೋರುತ್ತದೆ; ಅದನ್ನೂ ಸರಿಪಡಿಸಬೇಕು. ಎಣ್ಣೆ ಹೀರಿದ ಲೈನಿಂಗನ್ನು ಪೆಟ್ರೋಲಿನಲ್ಲಿ ತೊಳೆದು ಅಥವಾ ಬೆಂಕಿಗೆ ಹಿಡಿದು ಮತ್ತೆ ಹಾಕುವ ರೂಢಿ ಇದೆ. ಇದು ಕೆಲವು ದಿನಗಳ ಉಪಾಯ ಮಾತ್ರ. ಬಿಸಿಯಾದಾಗ ಒಳಗಿನ ಎಣ್ಣೆ ಮತ್ತೆ ಮೇಲೆ ಬರುತ್ತದೆ. ಹೊಸ ಲೈನಿಂಗ್ ಹಾಕಿಸುವುದೇ ಸರಿ.

(ಇ) ಹಳೆಯ ಲೈನಿಂಗಿನಲ್ಲಿ ಕಲ್ನಾರು ಇರುವ ಸಾಧ್ಯತೆ ಉಂಟು. ಅದರ ಧೂಳು ಶ್ವಾಸಕೋಶಕ್ಕೆ ಹಾನಿಕರ. ಆದುದರಿಂದ ಡ್ರಮ್ಮಿನ ಧೂಳನ್ನು ಬಾಯಿಂದಾಗಲಿ ಪಂಪಿನಿಂದಾಗಲಿ ಊದಬಾರದು. ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಬೇಕು.

(ಈ) ಒಳಶೂಗಳಿರುವ ಜೀಪಿನಲ್ಲಿ ಹ್ಯಾಂಡ್ ಬ್ರೇಕನ್ನು ಪೂರ್ತಿ ಬಿಟ್ಟು, ಡ್ರಮ್ಮಿನ ಮೈಯಲ್ಲಿರುವ ರಂಧ್ರಗಳ ಮೂಲಕ ಒಳಗಿನ ಹಲ್ಲಿನ ತಿರುಪುಗಳನ್ನು ತಿರುಗಿಸಬೇಕು. ಶೂಗಳು ಡ್ರಮ್ಮಿಗೆ ತಾಗಿ ಬಿಗಿಯಾಗುವವರೆಗೆ ತಿರುಗಿಸಿ, ಅನಂತರ ಪ್ರತಿ ತಿರುಪನ್ನೂ ಸಾಮಾನ್ಯವಾಗಿ 7 ಹಲ್ಲುಗಳಷ್ಟು ಹಿಂದಕ್ಕೆ ಸಡಿಲಿಸಬೇಕು. ಬ್ರೇಕು ಬಿಟ್ಟಿರುವಾಗ ಶೂಗಳು ಡ್ರಮ್ಮಿಗೆ ಉಜ್ಜದಿರಲು ಈ ಸಡಿಲ ಬೇಕು.

(ಉ) ಕಡೆಯಲ್ಲಿ ಕೇಬಲ್ಲಿನ ಸಡಿಲವನ್ನು ಮಾತ್ರ ತೆಗೆಯಬೇಕು. ಸ್ವಲ್ಪ ದೂರ ಓಡಿಸಿ ನಿಲ್ಲಿಸಿ, ಡ್ರಮ್ಮಿನ ಹತ್ತಿರ ಅಂಗೈ ಹಿಡಿದು ನೋಡಬೇಕು. ಝಳ ಹೊಡೆಯುತ್ತಿದ್ದರೆ ಶೂಗಳು ಇನ್ನೂ ಉಜ್ಜುತ್ತಿವೆ ಎಂದು ಅರ್ಥ.

ಹಿಂದಿನ ಚಕ್ರಗಳಿಗೆ ಕೇಬಲ್ಲು ಹೋಗುವ ಹಳೆಯ ಕಾರುಗಳಿಗೂ ಕ್ರಮ ಇದೇ: ಮೊದಲು ಚಕ್ರದ ಶೂ, ಆಮೇಲೆ ಕೇಬಲ್ಲು. ಅಲ್ಲಿ ಎರಡು ಚಕ್ರಗಳೂ ಸಮನಾಗಿ ಹಿಡಿಯುತ್ತವೆಯೇ ಎಂಬುದನ್ನು ಹೆಚ್ಚಾಗಿ ನೋಡಬೇಕು.

ಪರೀಕ್ಷೆ ಮಾಡುವ ವಿಧಾನ

ಕೆಳಗಡೆ ಜನ, ದನ, ಹಳ್ಳ ಇಲ್ಲದ ಸಾಧಾರಣ ಇಳಿಜಾರನ್ನು ಆರಿಸಬೇಕು. ಚಾಲಕನು ಸೀಟಿನಲ್ಲಿಯೇ ಕುಳಿತು, ಕಾಲಿನ ಬ್ರೇಕನ್ನು ತುಳಿದು, ಗೇರನ್ನು ನ್ಯೂಟ್ರಲ್ ಮಾಡಿ, ಹ್ಯಾಂಡ್ ಬ್ರೇಕನ್ನು ಎಳೆದು, ಕಾಲನ್ನು ನಿಧಾನವಾಗಿ ಸಡಿಲಿಸಬೇಕು. ಜೀಪಿನ ಮುಖ ಮೇಲಕ್ಕಿದ್ದಾಗ ಒಮ್ಮೆ, ಕೆಳಕ್ಕಿದ್ದಾಗ ಒಮ್ಮೆ ಪರೀಕ್ಷಿಸಬೇಕು. ಒಂದು ದಿಕ್ಕಿನಲ್ಲಿ ಹಿಡಿದ ಬ್ರೇಕು ಇನ್ನೊಂದು ದಿಕ್ಕಿನಲ್ಲಿ ಹಿಡಿಯದಿರಬಹುದು. ಬರಿದಾದ ಜೀಪಿನಲ್ಲಿ ತೃಪ್ತಿಕರವೆನಿಸಿದ ಮೇಲೆ ಹೇರು ಹಾಕಿಯೂ ನೋಡಬೇಕು. ಮಳೆಗಾಲದಲ್ಲಿ ತಿಂಗಳಿಗೊಮ್ಮೆ, ಕೊಯ್ಲಿನ ಹಂಗಾಮು ಪ್ರಾರಂಭವಾಗುವ ಮೊದಲು ತಪ್ಪದೆ ಒಮ್ಮೆ ಈ ಪರೀಕ್ಷೆ ನಡೆಯಬೇಕು.

ಇಳಿಜಾರಿನಲ್ಲಿ ನಿಲ್ಲಿಸುವ ಕ್ರಮ

ಹ್ಯಾಂಡ್ ಬ್ರೇಕ್ ಎಷ್ಟೇ ಚೆನ್ನಾಗಿದ್ದರೂ ಅದೊಂದನ್ನೇ ನೆಚ್ಚಬಾರದು. ಬ್ರೇಕು, ಗೇರು, ಬೆಣೆ ಈ ಮೂರೂ ಇರಬೇಕು.

1. ಕಾಲಿನ ಬ್ರೇಕಿನಲ್ಲಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ಕಾಲನ್ನು ನಿಧಾನವಾಗಿ ಬಿಡುವುದು. ಆಗ ಭಾರವೆಲ್ಲ ಹ್ಯಾಂಡ್ ಬ್ರೇಕಿನ ಮೇಲೆ ಬೀಳುತ್ತದೆ. ಅದು ಹಿಡಿಯುತ್ತದೆಯೋ ಇಲ್ಲವೋ ಎಂಬುದು ಕೆಳಗಿಳಿಯುವ ಮೊದಲೇ ತಿಳಿಯುತ್ತದೆ.

2. ಎಂಜಿನ್ ನಿಲ್ಲಿಸಿ, ಮುಖ ಮೇಲಕ್ಕಿದ್ದರೆ ಒಂದನೆಯ ಗೇರು, ಕೆಳಕ್ಕಿದ್ದರೆ ರಿವರ್ಸ್ ಗೇರು ಹಾಕುವುದು. ಟ್ರಾನ್ಸ್‌ಫರ್ ಕೇಸು ನ್ಯೂಟ್ರಲಿನಲ್ಲಿ ಇಲ್ಲವೆಂದು ನೋಡುವುದು.

3. ಮುಂದಿನ ಚಕ್ರಗಳನ್ನು ಧರೆಯ ಕಡೆಗೆ ತಿರುಗಿಸಿಡುವುದು. ಜಾರಿದರೂ ಜೀಪು ಧರೆಗೆ ತಾಗಿ ನಿಲ್ಲಬೇಕು.

4. ಚಕ್ರದ ಇಳಿಜಾರಿನ ಕಡೆ ಬೆಣೆ ಕೊಡುವುದು. ಬೆಣೆಯ ಎತ್ತರ ಚಕ್ರದ ಎತ್ತರದ ಕಾಲು ಭಾಗದಷ್ಟಿರಬೇಕು. ಜೀಪಿನ ಚಕ್ರಕ್ಕೆ ಸುಮಾರು 7 ಅಂಗುಲ. ಗಟ್ಟಿ ಮರದಲ್ಲಿ ಊರಿನ ಬಡಗಿಯೇ ಮಾಡಿಕೊಡಬಲ್ಲ. ದುಂಡು ಕಲ್ಲು ಉರುಳುತ್ತದೆ. ಅಲ್ಲದೆ ದಾರಿಯಲ್ಲಿ ಬಿಟ್ಟುಹೋದ ಕಲ್ಲು ರಾತ್ರಿ ಬರುವ ಸೈಕಲ್ಲಿನವನಿಗೆ ಕಂಟಕ. ಬೆಣೆಗೆ ಹಗ್ಗ ಕಟ್ಟಿ ಜೀಪಿನಲ್ಲಿಯೇ ಇಟ್ಟುಕೊಳ್ಳಬೇಕು.

5. ಟ್ರೇಲರ್ ಇದ್ದರೆ ಅದರ ಚಕ್ರಗಳಿಗೂ ಬೆಣೆ ಕೊಡುವುದು. ಜೀಪಿನ ಹ್ಯಾಂಡ್ ಬ್ರೇಕಿಗೆ ಟ್ರೇಲರಿನ ಭಾರವನ್ನೂ ಹೊರಿಸುವುದು ಸಲ್ಲದು.

ಇದು ಕೇವಲ ಎಚ್ಚರಿಕೆಯ ಮಾತಲ್ಲ, ಕಾನೂನೂ ಹೌದು. 1988ರ ಮೋಟಾರು ವಾಹನಗಳ ಕಾಯಿದೆಯ 126ನೆಯ ಪ್ರಕರಣದಂತೆ, ಸಾರ್ವಜನಿಕ ಸ್ಥಳದಲ್ಲಿ ಚಾಲಕನಿಲ್ಲದೆ ನಿಲ್ಲಿಸಿದ ವಾಹನದ ಎಂಜಿನ್ ನಿಲ್ಲಿಸಿ, ಬ್ರೇಕು ಹಾಕಿ, ಅದು ಆಕಸ್ಮಿಕವಾಗಿ ಚಲಿಸದಂತೆ ನೋಡಿಕೊಳ್ಳುವುದು ಚಾಲಕನ ಹೊಣೆ.

ಹಳೆಯ ಜೀಪಿನ ಒಂದು ಆಯಿಲ್ ಸೀಲ್, ಒಂದು ಜೊತೆ ಲೈನಿಂಗ್, ಎರಡು ಮರದ ಬೆಣೆ ಇವುಗಳಿಗೆ ತಗಲುವ ಖರ್ಚು ಒಂದು ಟೈರಿನ ಬೆಲೆಗೂ ಸಮನಲ್ಲ. ವಿಸ್ತರಣಾ ಕಾರ್ಯಕರ್ತರು ಯಂತ್ರಗಳ ಪ್ರಾತ್ಯಕ್ಷಿಕೆ ನಡೆಸುವಾಗ ಒಂದು ಹಳೆಯ ಜೀಪನ್ನು ತರಿಸಬಹುದು. ಸಮನೆಲದಲ್ಲಿ ಬೆಣೆ ಕೊಟ್ಟು, ಹ್ಯಾಂಡ್ ಬ್ರೇಕ್ ಎಳೆದು, ಗೇರನ್ನು ಎರಡು ಚಕ್ರದಲ್ಲಿಯೇ ಇಟ್ಟು, ಹಿಂದಿನ ಎರಡೂ ಚಕ್ರಗಳು ನೆಲ ಬಿಡುವಂತೆ ಭದ್ರವಾದ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಒಂದು ಚಕ್ರವನ್ನು ಕೈಯಿಂದ ತಿರುಗಿಸಿ ತೋರಿಸಬೇಕು. ಬ್ರೇಕು ಹಾಕಿದ್ದರೂ ಆ ಚಕ್ರ ತಿರುಗುವುದನ್ನೂ, ಇನ್ನೊಂದು ಚಕ್ರ ಅದಕ್ಕೆ ವಿರುದ್ಧವಾಗಿ ತಿರುಗುವುದನ್ನೂ ಕಣ್ಣಾರೆ ಕಂಡ ಚಾಲಕನು ಮುಂದೆ ಬೆಣೆಯಿಲ್ಲದೆ ಜಾಕು ಕೊಡಲಾರ.